ಕಳಸದ ಕಾರು, ಅಡಿಪಾಯದ ಕಡತ

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಚಿಕ್ಕಬಳ್ಳಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ದೊಡ್ಡ ಹಾಳೆ ಹರಡಿಕೊಂಡು ಒಂದು ಕಾರಿನ ಚಿತ್ರ ಬರೆಯುತ್ತಿದ್ದ. ವಿನ್ಯಾಸ ಓದುವ ಹುಡುಗ. ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟಿದ್ದರು: ಅಮೆರಿಕದ ಯಾವುದಾದರೊಂದು ಕಂಪನಿಗೆ ಹೊಸ ಐಷಾರಾಮಿ ಸೆಡಾನ್ ಒಂದನ್ನು ಕಲ್ಪಿಸಬೇಕು. ಗುಡಿಗೆ ಕಳಸವಿದ್ದ ಹಾಗೆ ಅದು ಕಂಪನಿಯ ನೆತ್ತಿಯ ಮೇಲೆ ನಿಲ್ಲಬೇಕು. ಅವನು ಆರಿಸಿಕೊಂಡದ್ದು ಕ್ರೈಸ್ಲರ್. 2023ರ ಡಿಸೆಂಬರಿನಲ್ಲಿ ಕೆನಡಾದ ಬ್ರ್ಯಾಂಪ್ಟನ್ ಕಾರ್ಖಾನೆಯಲ್ಲಿ ಕ್ರೈಸ್ಲರ್ 300ರ ತಯಾರಿಕೆ ನಿಂತಿತು. ಅಲ್ಲಿಗೆ ಆ ಹೆಸರಿನ ಸೆಡಾನುಗಳ ಸಾಲು ಮುಗಿಯಿತು. ಕಳಸ ಬಿದ್ದ ಗುಡಿಗೆ ಹೊಸ ಕಳಸ ಇಡುತ್ತೇನೆ ಎನ್ನುವ ಹುರುಪು ಹುಡುಗನಿಗೆ. ಹಾಳೆಯ ಮೂಲೆಯಲ್ಲಿ ‘ಇಂಪೀರಿಯಲ್’ ಎಂದು ಹೆಸರನ್ನೂ ಬರೆದಿಟ್ಟಿದ್ದ.

“ಮಾವ, ಈ ಕಂಪನಿಗೂ ನಮ್ಮ ಕಡೆಗೂ ಏನಾದ್ರೂ ನಂಟಿದೆಯಾ? ಇದ್ರೆ ಮುನ್ನುಡಿಗೆ ಹಾಕ್ತೀನಿ” ಅಂದ.

ಹಳೆಯ ಕಾಗದ ಹುಡುಕುವುದು ನನ್ನ ಕಸುಬು. ಇಲ್ಲ ಎಂದು ಬಾಯಿಗೆ ಬಂದ ಮಾತನ್ನು ಅಲ್ಲೇ ತಡೆದೆ. ಮುದ್ದೇನಹಳ್ಳಿಯ ಹೆಸರು ನೆನಪಾಗಿತ್ತು.

ಮುದ್ದೇನಹಳ್ಳಿ ನಮಗೆ ಹತ್ತಿರದ ಊರು, ನಂದಿ ಬೆಟ್ಟದ ಸೆರಗಿನಲ್ಲಿದೆ. 1861ರ ಸೆಪ್ಟೆಂಬರ್ 15ರಂದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲಿ. ಮೊದಲ ಪಾಠ ಕಲಿತದ್ದು ಚಿಕ್ಕಬಳ್ಳಾಪುರದಲ್ಲಿ. 1962ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯಾದದ್ದೂ ಮುದ್ದೇನಹಳ್ಳಿಯ ಮಣ್ಣಿನಲ್ಲೇ. ನಮ್ಮ ಸೀಮೆಯಲ್ಲಿ ಅವರ ಬಗ್ಗೆ ಕಥೆ ಹೇಳದ ಮನೆಯಿಲ್ಲ. ಅವುಗಳಲ್ಲಿ ಒಂದು ಕಾರಿನದು. ಮೈಸೂರಿನ ದಿವಾನಗಿರಿಗೆ ರಾಜೀನಾಮೆ ಕೊಡಲು ಅರಮನೆಗೆ ಹೋದಾಗ ಸರ್ಕಾರಿ ಕಾರಿನಲ್ಲಿ ಹೋದರಂತೆ, ಕೊಟ್ಟು ಬರುವಾಗ ಸ್ವಂತ ಕಾರಿನಲ್ಲಿ ಬಂದರಂತೆ. ಈ ‘ಅಂತೆ’ಯನ್ನು ನಾನು ಅಂತೆಯಾಗಿಯೇ ಇಟ್ಟುಕೊಂಡಿದ್ದೇನೆ. ಆದರೆ ವಿಶ್ವೇಶ್ವರಯ್ಯ ಮತ್ತು ಕಾರು ಎಂದ ಕೂಡಲೇ ನಮ್ಮ ಜನಕ್ಕೆ ಈ ಒಂದು ಕಥೆ ಮಾತ್ರ ಹೊಳೆಯುತ್ತದೆ. ಅವರು ಕಾರು ಹತ್ತಿ ಇಳಿದದ್ದು ನೆನಪಿದೆ, ಕಾರು ಕಟ್ಟಲು ಹೊರಟದ್ದು ಮರೆತುಹೋಗಿದೆ. ನನ್ನ ಹುಡುಕಾಟ ಈ ಮರೆವಿನಿಂದಲೇ ಶುರುವಾಯಿತು.

ನಮ್ಮ ಜಿಲ್ಲೆಯ ಹಳೆಯ ಸಂಗತಿ ಹುಡುಕುವವರು ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನದೆಲ್ಲ ಕೋಲಾರದ ಹೆಸರಿನಲ್ಲಿರುತ್ತದೆ. ನಾನೂ ಕೋಲಾರದ ಹೆಸರಿನಲ್ಲೇ ತಡಕಿದೆ. ಕಾರಿನ ಸುಳಿವು ಸಿಕ್ಕಿದ್ದು ಮಾತ್ರ ಅಲ್ಲಲ್ಲ, ಅವರದೇ ಪುಸ್ತಕದಲ್ಲಿ. 1951ರಲ್ಲಿ ಅಚ್ಚಾದ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಅಣೆಕಟ್ಟು, ನೀರಾವರಿ, ಭದ್ರಾವತಿಯ ಮಾತು ಮುಗಿಸಿ ಮೋಟಾರು ಉದ್ಯಮಕ್ಕೆ ಹೊರಳುತ್ತದೆ. ಆ ಪುಟಗಳಲ್ಲೂ ದನಿ ಏರುವುದಿಲ್ಲ. ಏನು ಮಾಡಿದೆ, ಯಾರನ್ನು ಕೇಳಿದೆ, ಏನು ಉತ್ತರ ಬಂತು, ಅಷ್ಟೇ. ಆದರೂ ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1934ರಲ್ಲಿ ಅವರು ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಪ್ರಕಟಿಸಿದರು. ಹತ್ತು ವರ್ಷದಲ್ಲಿ ದೇಶದ ಆದಾಯವನ್ನು ಇಮ್ಮಡಿ ಮಾಡುವ ಯೋಜನೆ ಅದು. ಮರುವರ್ಷ, ಎಪ್ಪತ್ತು ದಾಟಿದ ಆ ವಯಸ್ಸಿನಲ್ಲಿ, ಮೋಟಾರು ಉದ್ಯಮವನ್ನು ಕಣ್ಣಾರೆ ನೋಡಲು ಯೂರೋಪು ಮತ್ತು ಅಮೆರಿಕಕ್ಕೆ ಹೊರಟರು. ಆಗಿನ ಅಮೆರಿಕದ ಕಾರ್ಖಾನೆಗಳನ್ನು ನೆನೆದುಕೊಂಡರೆ ಆ ಪ್ರಯಾಣದ ತೂಕ ತಿಳಿಯುತ್ತದೆ. ಡೆಟ್ರಾಯಿಟ್ ಬಳಿಯ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯಲ್ಲಿ ಒಂದು ಕಡೆ ಅದಿರು ಇಳಿದು ಇನ್ನೊಂದು ಕಡೆ ಕಾರು ಹೊರಡುತ್ತಿತ್ತು. ಉಕ್ಕು, ಗಾಜು, ಎಲ್ಲವೂ ಅಲ್ಲೇ. ಭದ್ರಾವತಿಯಲ್ಲಿ ಸೌದೆ ಇದ್ದಿಲಿನಿಂದ ಕಬ್ಬಿಣ ಕಾಯಿಸಿದವರಿಗೆ, ನಷ್ಟದಲ್ಲಿದ್ದ ಆ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಲು ವರ್ಷಗಟ್ಟಲೆ ದುಡಿದವರಿಗೆ, ಅದಿರಿನಿಂದ ಕಾರಿನವರೆಗಿನ ದಾರಿ ಎಷ್ಟು ಉದ್ದ ಎನ್ನುವುದು ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಆಗ ನಮ್ಮ ದೇಶದಲ್ಲಿ ಅಮೆರಿಕದ ಕಾರು ತಯಾರಾಗುತ್ತಿರಲಿಲ್ಲವೇ? ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ನೋಡಬೇಕು. ಜನರಲ್ ಮೋಟರ್ಸ್ 1928ರಲ್ಲೇ ಮುಂಬೈಯಲ್ಲಿ ಷೆವ್ರೊಲೆ ಗಾಡಿಗಳನ್ನು ಹೊರತರಲು ಶುರು ಮಾಡಿತ್ತು. ಆದರೆ ಅದು ಜೋಡಣೆ. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಹಡಗೇರಿ ಬರುತ್ತಿದ್ದವು, ಇಲ್ಲಿ ಬೋಲ್ಟು ಬಿಗಿಯುತ್ತಿದ್ದರು. ವಿಶ್ವೇಶ್ವರಯ್ಯನವರಿಗೆ ಬೇಕಾಗಿದ್ದದ್ದು ತಯಾರಿಕೆ. ಎಂಜಿನು ಇಲ್ಲೇ ಎರಕವಾಗಬೇಕು, ಗೇರು ಇಲ್ಲೇ ಕಡೆಯಬೇಕು, ಆ ಕೈಗಳು ನಮ್ಮವಾಗಬೇಕು. ನಮ್ಮೂರಿನ ಅಡುಗೆ ಭಾಷೆಯಲ್ಲಿ ಹೇಳುವುದಾದರೆ, ತಂದ ಅನ್ನಕ್ಕೆ ಒಗ್ಗರಣೆ ಹಾಕುವುದು ಒಂದು, ಗದ್ದೆ ನಾಟಿ ಮಾಡುವುದು ಇನ್ನೊಂದು.

ಈ ಹಂತದಲ್ಲಿ ನನ್ನ ಟಿಪ್ಪಣಿ ಪುಸ್ತಕದಲ್ಲಿ 1938 ಎಂಬ ಇಸವಿ ಎರಡು ಸಲ ಬಂತು. ಆ ವರ್ಷದ ಏಪ್ರಿಲ್ 25ರಂದು ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಕಾಂಗ್ರೆಸ್ ಪ್ರಾಂತ್ಯಗಳ ಕೈಗಾರಿಕಾ ಮಂತ್ರಿಗಳು ಸೇರಿದರು. ಅಧ್ಯಕ್ಷತೆ ಸುಭಾಷ್ ಚಂದ್ರ ಬೋಸರದು, ಸಭೆಯಲ್ಲಿ ವಿಶ್ವೇಶ್ವರಯ್ಯನವರೂ ಇದ್ದರು. ರಾಷ್ಟ್ರೀಯ ಯೋಜನಾ ಸಮಿತಿಗೆ ದಾರಿ ಮಾಡಿಕೊಟ್ಟ ಸಭೆ ಅದು. ದೇಶಕ್ಕೆ ತುರ್ತಾಗಿ ಬೇಕು ಎಂದು ಹೆಸರಿಸಿದ ದೊಡ್ಡ ಕೈಗಾರಿಕೆಗಳಲ್ಲಿ ಮೋಟಾರು ತಯಾರಿಕೆಯೂ ಸೇರಿತ್ತು. ಒಂದೇ ವರ್ಷದಲ್ಲಿ ಈ ಸೀಮೆಯ ರೈತರು ಬಾವುಟ ಕೇಳಿ ಗುಂಡು ತಿಂದರು, ಈ ಸೀಮೆಯ ಮಗ ದೆಹಲಿಯಲ್ಲಿ ಕಾರ್ಖಾನೆ ಕೇಳಿದರು. ಎರಡು ಬೇಡಿಕೆಗೂ ಬೇರು ಒಂದೇ: ನಮ್ಮ ನೆಲದಲ್ಲಿ ಏನಾಗಬೇಕೆಂದು ನಾವು ತೀರ್ಮಾನಿಸಬೇಕು.

ಆದರೆ ಕಾರ್ಖಾನೆಗೆ ಹಣ ಬೇಕು, ವಿದೇಶಿ ಕಂಪನಿಯ ತಂತ್ರಜ್ಞಾನವೂ ಬೇಕು. ಇಲ್ಲಿ ವಾಲ್‌ಚಂದ್ ಹೀರಾಚಂದ್ ಬರುತ್ತಾರೆ. ಸಿಂಧಿಯಾ ಹಡಗು ಕಂಪನಿಯಿಂದ ಹೆಸರಾದ ಮುಂಬೈ ಉದ್ಯಮಿ. ವಿಶ್ವೇಶ್ವರಯ್ಯನವರ ಯೋಜನೆಯನ್ನು ನೆಚ್ಚಿಕೊಂಡು 1939ರಲ್ಲಿ ಅಮೆರಿಕಕ್ಕೆ ಹೋದರು. ಅವರ ಜೀವನ ಚರಿತ್ರೆಯಲ್ಲಿ ಆ ಪ್ರವಾಸದ ಭಾಗ ಓದುವಾಗ ಬಾಗಿಲು ಬಡಿಯುವ ಸದ್ದು ಕೇಳಿಸಿದಂತಾಗುತ್ತದೆ. ಫೋರ್ಡ್ ಒಪ್ಪಲಿಲ್ಲ, ಭಾರತದ ವಹಿವಾಟು ಕೆನಡಾದ ಫೋರ್ಡ್ ಕಂಪನಿಯ ಕೈಯಲ್ಲಿತ್ತು. ಜನರಲ್ ಮೋಟರ್ಸ್ ಕೂಡ ಒಪ್ಪಲಿಲ್ಲ. ಬಾಗಿಲು ತೆರೆದದ್ದು ಮೂರನೆಯ ಕಂಪನಿ. 1940ರಲ್ಲಿ ಒಪ್ಪಂದವೂ ಆಯಿತು. ಆ ಕಂಪನಿಯ ಹೆಸರು ಕ್ರೈಸ್ಲರ್.

ಹೆಸರು ಕಂಡ ಕೂಡಲೇ ಪುಸ್ತಕ ಮಡಚಿ ಅಳಿಯನಿಗೆ ಫೋನು ಮಾಡಿದೆ. “ನಂಟು ಸಿಕ್ತಪ್ಪಾ, ಮುದ್ದೇನಹಳ್ಳಿಯಿಂದ ಡೆಟ್ರಾಯಿಟ್‌ವರೆಗೂ ಇದೆ.”

ಅವನ ಮರುಪ್ರಶ್ನೆ ನನ್ನನ್ನು ಇನ್ನೂ ಒಳಕ್ಕೆ ತಳ್ಳಿತು. “ಹಾಗಾದ್ರೆ ಅವರು ಕಟ್ಟಬೇಕೂಂತಿದ್ದ ಕಾರು ಯಾವುದು ಮಾವ? ಇಂಪೀರಿಯಲ್ಲಾ?”

ಅವನು ಹಾಗೆ ಕೇಳಿದ್ದು ಸಹಜವೇ. ವಾಲ್ಟರ್ ಕ್ರೈಸ್ಲರ್ 1925ರಲ್ಲಿ ಕಟ್ಟಿದ ಆ ಕಂಪನಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆದಿತ್ತು. 1928ರ ಹೊತ್ತಿಗೆ ಕೆಳಗಿನ ಮೆಟ್ಟಿಲಲ್ಲಿ ಅಗ್ಗದ ಪ್ಲಿಮತ್, ಅದರ ಮೇಲೆ ಡಿ ಸೋಟೊ, ಡಾಜ್, ಆಮೇಲೆ ಕ್ರೈಸ್ಲರ್. ತುತ್ತತುದಿಯಲ್ಲಿ ಇಂಪೀರಿಯಲ್. 1926ರ ಮೊದಲ ಇಂಪೀರಿಯಲ್ಲಿನ ಹೆಸರಿಗೆ 80 ಎಂಬ ಅಂಕಿ ಸೇರಿಸಿದ್ದರು, ಗಂಟೆಗೆ 80 ಮೈಲಿ ಓಡುತ್ತದೆ ಎಂಬ ಖಾತರಿಗಾಗಿ. 1931ರಲ್ಲಿ ಅದಕ್ಕೆ ಸಾಲಾಗಿ ಎಂಟು ಸಿಲಿಂಡರು ಜೋಡಿಸಿದ ಎಂಜಿನು ಬಂತು. ಕಂಪನಿ 1934ರಲ್ಲಿ ಗಾಳಿಯನ್ನು ಸೀಳುವ ಮೈಕಟ್ಟಿನ ಏರ್‌ಫ್ಲೋ ತಂದಿತು. ಕಾಲಕ್ಕಿಂತ ಮುಂದಿದ್ದ ಆ ಕಾರನ್ನು ಕೊಳ್ಳುವವರು ಒಪ್ಪಲಿಲ್ಲ, 1937ಕ್ಕೆ ನಿಂತಿತು. ಇಂಪೀರಿಯಲ್ ಮಾತ್ರ ಬಿಟ್ಟು ಬಿಟ್ಟು ಬದುಕಿತು. 1955ರಲ್ಲಿ ಅದೇ ಒಂದು ಪ್ರತ್ಯೇಕ ಬ್ರ್ಯಾಂಡ್ ಆಯಿತು, 1975ರಲ್ಲಿ ನಿಂತಿತು, ಮತ್ತೆ ಎರಡು ಸಲ ಮರುಹುಟ್ಟು ಪಡೆದು 1993ರಲ್ಲಿ ಮುಗಿಯಿತು. 2006ರಲ್ಲಿ ಪ್ರದರ್ಶನಕ್ಕೆಂದು ಅದೇ ಹೆಸರಿನ ಮಾದರಿಯೊಂದನ್ನು ಮಾಡಿದರು, ರಸ್ತೆಗೆ ಅದು ಬರಲಿಲ್ಲ. ಇಂಥ ಹೆಸರನ್ನು ಮತ್ತೆ ಕಲ್ಪಿಸಿಕೊಳ್ಳಬೇಕೆಂದು ಹುಡುಗರಿಗೆ ಅನ್ನಿಸುವುದರಲ್ಲಿ ತಪ್ಪೇನೂ ಇಲ್ಲ.

ಉತ್ತರ ನನಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ, ಚಿಂತಾಮಣಿಯಲ್ಲಿ. ಅಲ್ಲಿ ಹಳೆಯ ಲಾರಿ ಮಾಲೀಕರೊಬ್ಬರಿದ್ದಾರೆ. ಹುಣಸೆಹಣ್ಣು, ಕಡಲೆಕಾಯಿ ಮೂಟೆ ಹೊತ್ತು ಓಡಿದ ಗಾಡಿಗಳ ಕಾಲದವರು. ಕ್ರೈಸ್ಲರ್ ಎಂದೆ, ಅವರಿಗೆ ಹೊಳೆಯಲಿಲ್ಲ. ಡಾಜ್ ಎಂದೆ, ಫಾರ್ಗೋ ಎಂದೆ. ಮುಖ ಅರಳಿತು.

“ಫಾರ್ಗೋನಾ? ನಮ್ಮಪ್ಪನ ಕಾಲದಾಗೆ ಫಾರ್ಗೋ ಲಾರಿ ಇತ್ತಲ್ಲ ಸ್ವಾಮಿ! ಬೊಂಬಾಯಾಗೆ ಕಟ್ಟಿದ್ದು. ಪ್ಲೆಷರ್ ಕಾರು ಊರಿಗೊಂದೋ ಎರಡೋ ಇರ್ತಿತ್ತು. ಇದ್ರೂ ನಡೀತಿತ್ತು, ಇಲ್ದಿದ್ರೂ ನಡೀತಿತ್ತು. ಲಾರಿ ನಿಂತ್ರೆ ಸಂತೆ ನಿಲ್ತಿತ್ತು.”

ಪ್ಲೆಷರ್ ಕಾರು. ನಮ್ಮ ಕಡೆಯ ಹಿರಿಯರು ಕುಳಿತು ಹೋಗುವ ಖಾಸಗಿ ಕಾರಿಗೆ ಹಾಗೆ ಅನ್ನುತ್ತಿದ್ದರು. ಸುಖಕ್ಕೆ ಇರುವುದು ಅದು, ದುಡಿಮೆಗೆ ಇರುವುದು ಲಾರಿ, ಬಸ್ಸು. ಆ ಹಿರಿಯರ ಮಾತು ಕಿವಿಯಲ್ಲಿಟ್ಟುಕೊಂಡು ಕಾಗದಗಳಿಗೆ ಮರಳಿದಾಗ ವಿಶ್ವೇಶ್ವರಯ್ಯನವರ ಯೋಜನೆಯ ಜಾಯಮಾನ ಸ್ಪಷ್ಟವಾಯಿತು. ಅವರು ಕೇಳಿದ್ದು ಸಾಧಾರಣ ಕಾರು ಮತ್ತು ಲಾರಿ. ಶ್ರೀಮಂತರ ಮನೆಯ ಮುಂದೆ ನಿಲ್ಲುವ ಕಾರಿನ ಬಗ್ಗೆ ಅವರಿಗೆ ಆತುರವಿರಲಿಲ್ಲ. ಹಾಗಂತ ಅವರ ಕನಸು ಚಿಕ್ಕದಾಗಿರಲಿಲ್ಲ. ಮೋಟಾರು ಕಾರ್ಖಾನೆ ಒಂದು ಬಂದರೆ ಉಕ್ಕು, ರಬ್ಬರು, ಗಾಜು, ಬಣ್ಣ, ಬ್ಯಾಟರಿ, ಕುಶಲ ಕೆಲಸಗಾರರು, ಎಲ್ಲವೂ ಅದರ ಹಿಂದೆ ಬರಬೇಕಾಗುತ್ತದೆ. ಕಾರು ಅವರಿಗೆ ನೂರು ಕೈಗಾರಿಕೆಗಳನ್ನು ಎಳೆದು ತರುವ ತೇರಿನ ಹಗ್ಗವಾಗಿತ್ತು.

ಮುಂದಿನ ಅಧ್ಯಾಯ ನಡೆಯುವುದು ನಮ್ಮದೇ ಸಂಸ್ಥಾನದಲ್ಲಿ. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಕಟ್ಟುವ ಮಾತು ಬಂತು. ಸರ್ ಮಿರ್ಜಾ ಇಸ್ಮಾಯಿಲ್ಲರ ಸರ್ಕಾರ ಬಂಡವಾಳದಲ್ಲಿ ಪಾಲುಗೊಳ್ಳಲು ಮುಂದಾಯಿತು. ಬ್ರಿಟಿಷ್ ಭಾರತ ಸರ್ಕಾರ ತಡೆಯಿತು. ಯುದ್ಧ ನಡೆಯುತ್ತಿದೆ, ಇದು ಯುದ್ಧಕ್ಕೆ ಒದಗುವ ಉದ್ಯಮವಲ್ಲ, ಡಾಲರು ಮತ್ತು ಯಂತ್ರಗಳನ್ನು ಇದಕ್ಕೆ ಬಿಟ್ಟುಕೊಡಲಾಗದು ಎಂಬ ನಿಲುವು. ಸಂಸ್ಥಾನ ಹಿಂದೆ ಸರಿಯಬೇಕಾಯಿತು. ಇದೇ ನಡುವೆ 1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು, 1941ರಲ್ಲಿ ಮಿರ್ಜಾ ದಿವಾನಗಿರಿ ಬಿಟ್ಟರು. ವಿಶ್ವೇಶ್ವರಯ್ಯನವರ ನೆನಪುಗಳ ಪಕ್ಕದಲ್ಲಿ ಮಿರ್ಜಾ ಅವರ ‘ಮೈ ಪಬ್ಲಿಕ್ ಲೈಫ್’ ಇಟ್ಟುಕೊಂಡು ಓದಿದೆ. ಹಲವು ವಿಷಯಗಳಲ್ಲಿ ಬೇರೆ ಬೇರೆ ಸ್ವಭಾವದ ಇಬ್ಬರು ದಿವಾನರು ಈ ಒಂದು ನೋವಿನಲ್ಲಿ ಒಂದಾಗಿದ್ದರು.

ಇದು ನಿಜಕ್ಕೂ ಯುದ್ಧದ ಅಡ್ಡಿಯೇ, ಅಥವಾ ಮನಸ್ಸಿಲ್ಲದ್ದಕ್ಕೆ ಯುದ್ಧದ ನೆಪವೇ? ಸಂಶೋಧಕ ಒಂದು ಕಡೆಯ ಮಾತನ್ನಷ್ಟೇ ನಂಬಿ ತೀರ್ಪು ಕೊಡಬಾರದು. ಹೋಲಿಸಿ ನೋಡಲು ಇನ್ನೊಂದು ಪ್ರಕರಣ ಬೇಕಿತ್ತು. ಅದು ಬೆಂಗಳೂರಿನಲ್ಲೇ ಇತ್ತು.

1939ರಲ್ಲಿ ಕಾರಿಗಾಗಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್, ಮರಳುವಾಗ ಪೆಸಿಫಿಕ್ ದಾಟುವ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನನ್ನು ಕಂಡರು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಮನುಷ್ಯ. ಆ ಮಾತುಕತೆಯ ಫಲವಾಗಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮೈಸೂರು ಸರ್ಕಾರ ಜಾಗ ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಗಿ ಸೇರಿತು. ಅದೇ ವರ್ಷ ಹಾರ್ಲೋ ತರಬೇತಿ ವಿಮಾನ ಬೆಂಗಳೂರಿನ ಆಕಾಶಕ್ಕೆ ಏರಿತು.

ಈ ಎರಡು ಕಥೆಗಳನ್ನು ಒಂದೇ ಹಾಳೆಯಲ್ಲಿ ಎದುರುಬದುರು ಬರೆದೆ. ಉದ್ಯಮಿ ಅದೇ ವಾಲ್‌ಚಂದ್. ಸಂಸ್ಥಾನ ಅದೇ ಮೈಸೂರು. ಯುದ್ಧ ಅದೇ ಯುದ್ಧ. ಯಂತ್ರ ಬರಬೇಕಾದದ್ದೂ ಅದೇ ಅಮೆರಿಕದಿಂದ. ವಿಮಾನ ಒಂದು ವರ್ಷದೊಳಗೆ ಹಾರಿತು, ಕಾರು ನೆಲ ಬಿಡಲಿಲ್ಲ. ವಿಮಾನ ಕಟ್ಟಬಲ್ಲ ಕೈಗಳು ಕಾರು ಕಟ್ಟಲಾರವು ಎಂದು ಯಾರೂ ಹೇಳಲಾರರು. ಸಾಮ್ರಾಜ್ಯಕ್ಕೆ ಆ ಕ್ಷಣ ಬೇಕಾದದ್ದಕ್ಕೆ ದಾರಿ ತೆರೆಯಿತು, ನಮಗೆ ಬಹುಕಾಲ ಬೇಕಾಗಿದ್ದದ್ದಕ್ಕೆ ಮುಚ್ಚಿತು. ಈ ಹಾಳೆಯೇ ನನ್ನ ಹುಡುಕಾಟದ ಮುಖ್ಯ ದಾಖಲೆ. ಹೊಸ ಕಡತವೇನೂ ಅಲ್ಲ, ಎರಡು ಹಳೆಯ ಸಂಗತಿಗಳನ್ನು ಒಟ್ಟಿಗೆ ಇಟ್ಟದ್ದಷ್ಟೇ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಬಿರ್ಲಾ ಮನೆತನ 1942ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಸ್ಥಾಪಿಸಿತು. ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು, ಕಾರ್ಖಾನೆ ಮುಂಬೈಯ ಕುರ್ಲಾದಲ್ಲಿ. 1947ರಿಂದ ಅಲ್ಲಿ ಕ್ರೈಸ್ಲರ್ ಬಳಗದ ಡಾಜ್, ಡಿ ಸೋಟೊ, ಪ್ಲಿಮತ್ ಕಾರುಗಳೂ ಫಾರ್ಗೋ ಲಾರಿಗಳೂ ಹೊರಬಂದವು. ಚಿಂತಾಮಣಿಯ ಹಿರಿಯರು ನೆನೆದ ಗಾಡಿ ಅದೇ ಬಳಗದ್ದು. ಆಮೇಲೆ ಪ್ರೀಮಿಯರ್ ಫಿಯೆಟ್ ಜೊತೆ ಕೈಜೋಡಿಸಿತು. ನಮ್ಮ ತಲೆಮಾರು ಮದುವೆ ದಿಬ್ಬಣಕ್ಕೆ ಹೂವು ಕಟ್ಟಿ ಕಳಿಸಿದ ಪದ್ಮಿನಿ ಕಾರು ಆ ಮನೆಯ ಕೂಸು. ಬಿಡಿಭಾಗ ತಂದು ಬರೀ ಜೋಡಿಸುವ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲ ಎಂಬ ನೀತಿ 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇಲೆ ಬಂತು, ಜನರಲ್ ಮೋಟರ್ಸ್ ಮತ್ತು ಫೋರ್ಡ್ ಹೊರಟುಹೋದವು. ವಿಶ್ವೇಶ್ವರಯ್ಯ ಸುಮಾರು ಇಪ್ಪತ್ತು ವರ್ಷ ಮೊದಲೇ ಎಳೆದಿದ್ದ ಜೋಡಣೆ-ತಯಾರಿಕೆಯ ಗೆರೆ ಕೊನೆಗೂ ದೇಶದ ನೀತಿಯಾಯಿತು. ಅದನ್ನು ನೋಡಲು ಅವರು ಬದುಕಿದ್ದರು. ಆ ವರ್ಷದ ಏಪ್ರಿಲಿನಲ್ಲೇ ವಾಲ್‌ಚಂದ್ ತೀರಿಕೊಂಡರು.

ಇದನ್ನೆಲ್ಲ ಬರೆದುಕೊಂಡು ಒಂದು ಭಾನುವಾರ ಅಳಿಯನನ್ನು ನಂದಿಗೆ ಕರೆದುಕೊಂಡು ಹೋದೆ. ಬೆಟ್ಟದ ಬುಡದ ಹಳ್ಳಿಯಲ್ಲಿ ಭೋಗನಂದೀಶ್ವರನ ಗುಡಿ, ಬೆಟ್ಟದ ತುದಿಯಲ್ಲಿ ಯೋಗನಂದೀಶ್ವರ. ಗುಡಿಯ ಹೊರಗೆ ಕಲ್ಲಿನ ಮೇಲೆ ಕುಳಿತು ಅವನಿಗೆ ಎರಡು ಕಾಲಮ್ಮಿನ ಆ ಹಾಳೆ ತೋರಿಸಿದೆ. ಬಹಳ ಹೊತ್ತು ನೋಡಿದ.

“ಕ್ರೈಸ್ಲರ್ ಮೆಟ್ಟಿಲಲ್ಲಿ ಭೋಗ ಮೇಲಿದೆ. ನಮ್ಮ ಬೆಟ್ಟದಲ್ಲಿ ಕೆಳಗಿದೆ” ಅಂದ.

ಹುಡುಗ ಹೇಳಿದ್ದು ದೊಡ್ಡ ಮಾತು. ಐಷಾರಾಮಿ ಕಾರನ್ನು ಕಲ್ಪಿಸುವುದು ತಪ್ಪಲ್ಲ ಎಂದು ನಾನು ಅವನಿಗೆ ಹೇಳಿದೆ, ಈಗಲೂ ಹಾಗೇ ನಂಬಿದ್ದೇನೆ. ಈ ಗುಡಿಯ ಶಿಲ್ಪಿಗಳು ಸೊಬಗನ್ನು ಕೀಳೆಂದು ಬಗೆದವರಲ್ಲ. ಒಳ್ಳೆಯ ಸೆಡಾನಿನ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುವುದರಲ್ಲಿ ಸಾವಿರ ಕೈಗಳ ಪಳಗಿಕೆ ಇರುತ್ತದೆ, ಆ ಪಳಗಿಕೆಗೆ ಗೌರವ ಸಲ್ಲಬೇಕು. ಆದರೆ ಆ ಕೈಗಳು ಪಳಗುವುದು ಪ್ಲಿಮತ್ತಿನ ಬಾಗಿಲಿನ ಮೇಲೆ, ಫಾರ್ಗೋ ಲಾರಿಯ ಗೇರಿನ ಮೇಲೆ. ನಮ್ಮ ಸೀಮೆಯ ಮುದುಕರೊಬ್ಬರು ಎಪ್ಪತ್ತು ದಾಟಿದ ಮೇಲೆ ಸಮುದ್ರ ದಾಟಿ ಬೇಡಿದ್ದು ಅಂಥ ಪಳಗುವ ಅವಕಾಶವನ್ನು. ನಮಗೆ ನಿರಾಕರಿಸಿದ್ದೂ ಅದನ್ನೇ. ಅವರನ್ನು ಅಣೆಕಟ್ಟಿನ ಪಕ್ಕದಲ್ಲಿ ಪೇಟ ತೊಟ್ಟು ನಿಂತವರಾಗಿ ಮಾತ್ರ ನೆನೆಯುವುದು ಸಾಲದು. ಮೂರು ಅಮೆರಿಕನ್ ಕಂಪನಿಗಳ ಬಾಗಿಲಿಗೆ ತಲುಪಿದ, ಎರಡು ಸರ್ಕಾರಗಳ ಮೇಜಿನ ಮೇಲೆ ಓಡಾಡಿದ, ಕೊನೆಗೆ ಬೇರೆಯವರ ಕೈಯಲ್ಲಿ ಬೇರೆ ಊರಿನಲ್ಲಿ ಈಡೇರಿದ ಒಂದು ಯೋಜನೆಯನ್ನೂ ಅವರ ಹೆಸರಿನ ಜೊತೆ ನಮ್ಮ ಮಕ್ಕಳಿಗೆ ಹೇಳಬೇಕು.

ಅಳಿಯ ಆ ಚಿತ್ರವನ್ನು ಮತ್ತೆ ಬರೆದ. ಕಾರು ಹಾಗೇ ಇದೆ: ಉದ್ದನೆಯ ಮೂತಿ, ಇಳಿಜಾರಿನ ಬೆನ್ನು, ಬಾಗಿಲ ಮೇಲೆ ಇಂಪೀರಿಯಲ್. ಹಿಂದಿನ ಸೀಟಿಗೆ ಶಿಡ್ಲಘಟ್ಟದ ರೇಷ್ಮೆ ಹೊದಿಸಿದ್ದಾನೆ. ಅಲ್ಲಿನ ರೀಲಿಂಗ್ ಮನೆಗಳಿಗೆ ಹೋಗಿ, ನೂಲು ಎಷ್ಟು ಎಳೆತ ತಡೆಯುತ್ತದೆಂದು ಕೇಳಿಕೊಂಡು ಬಂದು ಹಾಗೆ ಮಾಡಿದ. ಹಾಳೆಯ ಕೆಳಗಿನ ಅರ್ಧ ಮೊದಲು ಖಾಲಿ ಇತ್ತು. ಈಗ ಅಲ್ಲಿ ಕಾರಿನ ಪ್ರತಿಯೊಂದು ಭಾಗದಿಂದಲೂ ಒಂದೊಂದು ಗೆರೆ ಇಳಿದಿದೆ. ಪ್ರತಿ ಗೆರೆಯ ತುದಿಯಲ್ಲಿ ಅದನ್ನು ಮಾಡುವ ಕೆಲಸದ ಹೆಸರು: ಎರಕ, ಕಡೆತ, ಬೆಸುಗೆ, ನೂಲು, ಬಣ್ಣ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಒಂದು ಊರು ಮತ್ತು ಒಂದು ಇಸವಿ ಬರೆದಿದ್ದಾನೆ.

ಮುದ್ದೇನಹಳ್ಳಿ, 1935.